ಹಾಸಿಗೆ ಕೊಡವದ ಫಿಟ್ಟರಣ್ಣ

ಆದೋನಿಯ ಒಂದು ಹತ್ತಿ ಜಿನ್ನಿನಲ್ಲಿ, ಅರಳೆಯಿಂದ ಕಾಳು ಬಿಡಿಸುವ ಕಾರ್ಖಾನೆಯಲ್ಲಿ, ನಾನು ಗುಮಾಸ್ತನಾಗಿ ಸೇರಿದ ಮೊದಲ ದಿನ, ದಪ್ಪ ಮೀಸೆಯ ಒಬ್ಬ ಮನುಷ್ಯ ಸೀದಾ ಬಂದು ನನ್ನ ಕಾಲ ಬಳಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟರು.

"ಅಲುಗ್ಯಾಡಬ್ಯಾಡ," ಅಂದರು.

ಹತ್ತಿ ರಾಶಿಯಲ್ಲಿ ಹಾವು ಸೇರಿಕೊಳ್ಳುವುದು ನಮ್ಮ ಕಡೆ ಹೊಸದಲ್ಲ. ಅದೇ ಇರಬೇಕೆಂದು ನಾನು ಕದಲದೆ ನಿಂತೆ. ಅವರು ನನ್ನ ಪ್ಯಾಂಟಿನ ಮಡಿಕೆಯಿಂದ ಏನನ್ನೋ ಒಂದೊಂದಾಗಿ ಕಿತ್ತು, ನಶ್ಯದ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದರು. ಬಗ್ಗಿ ನೋಡಿದರೆ ಹಾವೂ ಅಲ್ಲ, ಚೇಳೂ ಅಲ್ಲ. ಬಟ್ಟೆಗೆ ಅಂಟಿಕೊಳ್ಳುವ ಉತ್ತರಾಣಿ ಗಿಡದ ಮೂರು ಕಾಳು.

"ಎಲ್ಲಿಂದ ನಡ್ಕೊಂತ ಬಂದಿ?"

"ಸ್ಟೇಷನ್ ಕಡಿಂದ್ರಿ."

"ಹಳಿ ಮಗ್ಗಲ ಕಾಲ್ದಾರಿ. ಹ್ಞೂ, ಅಲ್ಲೇ ಇರ್ತಾವ ಇವು," ಅಂದವರೇ ಎದ್ದು ಮಿಷನ್ನಿನ ಕಡೆ ಹೋದರು. ಹೋಗುವಾಗ ಡಬ್ಬಿಯ ಮುಚ್ಚಳವನ್ನು ಮತ್ತೆರಡು ಸಲ ಒತ್ತಿ ನೋಡಿಕೊಂಡರು. ಮೂರು ಕಾಳಿಗೆ ಇಂಥ ಗಟ್ಟಿ ಆಳು ಹೆದರಿದ್ದು ಕಂಡು ನನಗೆ ಹಾವಿಗಿಂತ ಅದೇ ಹೆಚ್ಚು ದಿಗಿಲಾಯಿತು.

ಹತ್ತಿ ಆರಿಸುತ್ತಿದ್ದ ಈರಮ್ಮ ಸೆರಗು ಬಾಯಿಗಿಟ್ಟು ನಕ್ಕಳು. "ಹೆದರಬ್ಯಾಡ್ರಿ ಗುಮಾಸ್ತ್ರ. ಫಿಟ್ಟರಣ್ಣ ಎಲ್ಲಾರ ಕಾಲೂ ಹಿಂಗಾ ನೋಡ್ತಾನ. ನಾವು ಬಂದ್ರ ಬಾಗಿಲಾಗಾ ನಿಲ್ಲಿಸಿ ಸೀರಿ ಅಂಚು ನೋಡ್ಕೊಳ್ರಿ ಅಂತಾನ. ನನ್ನ ಗಂಡ ಸೈತ ನನ್ನ ಸೀರಿ ಇಷ್ಟು ದಿಟ್ಟಿಸಿ ನೋಡಿಲ್ಲ ಬಿಡ್ರಿ!"

ಹೀಗೆ ಶುರುವಾದ ಗೆಳೆತನ ಅದು. ಅವರ ಹೆಸರು ನಾನು ಬರೆಯುವುದಿಲ್ಲ. ಬದುಕಿದ್ದಷ್ಟು ದಿನ ತನ್ನ ಹೆಸರು ಯಾವ ಕಾಗದದ ಮೇಲೂ ಬರಬಾರದೆಂದು ಅಂಜಿದ ಮನುಷ್ಯ. ಇಲ್ಲದಾಗ ಬರೆದರೆ ನ್ಯಾಯವಲ್ಲ.

ಹಾಲಹರವಿ ಕಡೆಯ ಒಂದು ಹಳ್ಳಿ ಅವರದು. ಕುರಿ ಕಾಯುವ ಮನೆತನ. ಮಿಲಿಟರಿಗೆ ಸೇರಿ ಡೀಸೆಲ್ ಎಂಜಿನ್ ಕಲಿತು, ದಕ್ಷಿಣ ಧ್ರುವದ ಮಂಜಿನ ಖಂಡಕ್ಕೆ ಹೋಗುವ ನಮ್ಮ ದೇಶದ ತಂಡದಲ್ಲಿ ಜನರೇಟರ್ ಮೆಕ್ಯಾನಿಕ್ ಆಗಿ ಒಂದು ವರ್ಷ ಇದ್ದು ಬಂದವರು. ನಿವೃತ್ತಿಯಾದ ಮೇಲೆ ಜಿನ್ನಿಗೆ ಫಿಟ್ಟರಾದರು. ಅಷ್ಟು ದೂರ ಹೋಗಿ ಬಂದವರನ್ನು ಜನ ಬಿಡುತ್ತಾರೆಯೇ? ಚಹಾದಂಗಡಿಯಲ್ಲಿ ಕೂತರೆ ಸಾಕು, "ಫಿಟ್ಟರಣ್ಣಾ, ಪೆಂಗ್ವಿನ್ ನಿಜಂಗಾ ಮನುಷ್ಯಾರಂಗ ನಡೀತಾವಾ?" ಅನ್ನುವವರು. "ನಡೀತಾವ" ಎಂದಷ್ಟೇ ಹೇಳಿ ಎದ್ದುಬಿಡುತ್ತಿದ್ದರು. "ತಲಿಗೆ ಚಳಿ ಹತ್ತೈತಿ, ಪಾಪಂ," ಎಂದು ಅಂಗಡಿಯವನು ಅರ್ಧ ತೆಲುಗಿನಲ್ಲಿ ಮರುಗುತ್ತಿದ್ದ.

ಒಮ್ಮೆ ಜಿನ್ನಿನ ಅಂಗಳಕ್ಕೆ ಸರಕಾರಿ ಜೀಪೊಂದು ಬಂತು. ತೂಕದ ಯಂತ್ರ ಪರೀಕ್ಷೆ ಮಾಡುವವರು. ಕೆಲಸವೆಲ್ಲ ನಿಂತು ಫಿಟ್ಟರನ್ನು ಹುಡುಕಿದರೆ ಮನುಷ್ಯನೇ ಇಲ್ಲ. ಹತ್ತಿ ಒತ್ತುವ ಪ್ರೆಸ್ಸಿನ ಹಿಂದೆ, ಒತ್ತಿ ಕಟ್ಟಿದ ಅಂಡಿಗೆಗಳ ಸಂದಿಯಲ್ಲಿ, ಮೈಯೆಲ್ಲ ಬಿಳಿ ಅರಳೆ ಮೆತ್ತಿಸಿಕೊಂಡು ಕೂತಿದ್ದರು. ಮುಖ ಅರಳೆಗಿಂತ ಬಿಳಿಚಿತ್ತು.

"ಹೋದ್ರಾ?" ಎಂದು ಕೇಳಿದರು.

"ತಕ್ಕಡಿ ನೋಡೋರಣ್ಣ, ನಿನ್ನ ನೋಡೋರಲ್ಲ," ಅಂದೆ.

"ಇವತ್ತು ತಕ್ಕಡಿ ನೋಡ್ತಾರ," ಅಂದರು.

ಅವರ ಮನೆಯಲ್ಲಿ ಇನ್ನೊಂದು ಕಟ್ಟಳೆ. ಹಾಸಿಗೆ, ಹೊದಿಕೆ, ಟವೆಲ್ಲು, ಏನನ್ನೂ ಹೊರಗೆ ಗಾಳಿಗೆ ಹಿಡಿದು ಕೊಡವುವ ಹಾಗಿಲ್ಲ. ನಾಲ್ಕು ಮೂಲೆ ಒಳಕ್ಕೆ ಮಡಚಿ, ಕೂಸನ್ನು ಎತ್ತಿದ ಹಾಗೆ ಎತ್ತಿ, ಬಚ್ಚಲಲ್ಲಿ ಬಿಡಿಸಬೇಕು. ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುವವರು, ನನ್ನ ಮುಂದೆ ದೂರು ಹೇಳಿದರು: "ನೋಡಪ್ಪಾ, ಊರ ಹೆಂಗಸ್ರು ಚಾದರ ಫಟ್ ಅಂತ ಝಾಡಿಸ್ತಾರ. ಆ ಸಪ್ಪಳ ಕೇಳಿದ್ರ ಸಾಕು, ಈ ಮನುಷ್ಯಾ ಉಣ್ಣೋ ತುತ್ತು ಕೆಳಗಿಡ್ತಾನ. ಯಾವ ದೆವ್ವ ಮೆಟ್ಟೈತೋ ಏನೋ!"

ನಾನು ನಕ್ಕೆ. ಅಕ್ಕ ನಗಲಿಲ್ಲ.

ಬೇಸಿಗೆಯಲ್ಲಿ ಜಿನ್ನು ನಿಂತಿರುತ್ತದೆ. ಬೆಲ್ಟು ಬಿಚ್ಚಿ, ಮಿಷನ್ನಿನ ಹಲ್ಲು ಸಾಣೆ ಹಿಡಿಯುವ ಕಾಲ. ನಾನು ಸೇರಿ ಎಷ್ಟೋ ವರ್ಷಗಳಾದ ಮೇಲೆ, ಅಂಥ ಒಂದು ಮಧ್ಯಾಹ್ನ ಮಾತಿಗೆ ಮಾತು ಬಂದು ಕೇಳಿದೆ: "ಅಣ್ಣಾ, ಕಾಳು ಕಂಡ್ರ ಇಷ್ಟು ಹೆದರೋನು ಕಾಳು ಬಿಡಿಸೋ ಜಿನ್ನಿಗೇ ಯಾಕ ಬಂದಿ?"

"ಇಲ್ಲಿ ಕಾಳು ಎಲ್ಲಿಗೆ ಹೋಗ್ತಾವ ಅಂತ ನನಗ ಗೊತ್ತೈತಿ ತಮ್ಮಾ. ಗಾಣಕ್ಕ ಹೋಗ್ತಾವ, ದನದ ಬಾಯಿಗೆ ಹೋಗ್ತಾವ. ಮುಗೀತು," ಎಂದರು. ಕೈಯಲ್ಲಿದ್ದ, ಬೋಲ್ಟು ತಿರುವುವ ಪಾನಾ ಕೆಳಗಿಟ್ಟರು. ಅಂದು ಆ ಕಥೆ ಹೇಳಿದರು. ಹೇಳುವಾಗ ಎರಡು ಸಲ ಎದ್ದು ಬಾಗಿಲ ಹೊರಗೆ ಯಾರಿದ್ದಾರೆಂದು ನೋಡಿ ಬಂದರು.

ಹಡಗು ಮಂಜಿನ ಕಡೆ ಹೋಗುತ್ತಿರುವಾಗ, ನಡುಸಮುದ್ರದಲ್ಲಿ ಒಂದು ದ್ವೀಪದಿಂದ ರೇಡಿಯೋ ಕರೆ ಬಂತಂತೆ. ಊರಿಲ್ಲ, ಕೇರಿಯಿಲ್ಲ, ಬೇರೆ ದೇಶದ ನಾಲ್ಕಾರು ಜನ ಒಂದು ಗುಡಿಸಲು ಹಾಕಿಕೊಂಡು ಅಲ್ಲಿನ ಹಕ್ಕಿ, ಗಿಡ ನೋಡುತ್ತಾ ಇರುವ ಜಾಗ. ಅವರ ಜನರೇಟರ್ ಕೆಟ್ಟು, ಚಳಿಯಲ್ಲಿ ಕಷ್ಟವಾಗಿತ್ತು. ಫಿಟ್ಟರಣ್ಣನನ್ನೂ ಇನ್ನಿಬ್ಬರನ್ನೂ ಇಳಿಸುವುದೆಂದಾಯಿತು. ಇಳಿಸುವ ಮೊದಲು ಹಡಗಿನ ಮೇಲೆ ತಪಾಸಣೆ. ಬೂಟಿನ ಅಟ್ಟೆ ಬ್ರಷ್ಷಿನಲ್ಲಿ ತಿಕ್ಕಿದರು, ಜೇಬು ಮಗುಚಿ ಧೂಳು ಹೀರುವ ಮಿಷನ್ನು ಆಡಿಸಿದರು, ಕೋಟಿನಲ್ಲಿ ಚರ್ರೆಂದು ಬಿಚ್ಚಿ ಅಂಟಿಸುವ ಪಟ್ಟಿಯನ್ನು ಸೂಜಿಯಲ್ಲಿ ಕೆದಕಿದರು. ಆಮೇಲೆ ಒಂದು ಕಾಗದ ಕೊಟ್ಟರು: ನನ್ನ ಬಳಿಯ ಎಲ್ಲವನ್ನೂ ತೋರಿಸಿದ್ದೇನೆ, ಯಾವುದರಲ್ಲೂ ಮಣ್ಣಿಲ್ಲ, ಬೀಜವಿಲ್ಲ.

"ಸಹಿ ಹಾಕಿದೆ. ನಡಕ್ಕ ಸುತ್ತಿಕೊಂಡ ಕಂಬಳಿ ಮಾತ್ರ ತೋರಿಸಲಿಲ್ಲ."

"ಯಾವ ಕಂಬಳಿ?"

"ನಮ್ಮವ್ವ ನೂತಿದ್ದು. ಕರೀದು. ಹೊರಡುವಾಗ ಹೆಗಲಿಗೆ ಹಾಕಿ, 'ಮಗನಾ, ನೀರು ದಾಟೋಮುಂದ ಇದನ್ನ ಮೈ ಬಿಡಿಸಬ್ಯಾಡ, ಇದ್ರಾಗ ಬೀರಪ್ಪ ಅದಾನ' ಅಂದಿದ್ಲು. ಅವರು ಕಸಕೊಂಡ್ರ ಏನು ಮಾಡ್ಲಿ? ಬನೀನಿನ ಮ್ಯಾಲ ಸುತ್ತಿ, ಮ್ಯಾಲ ಕೋಟು ಹಾಕ್ಕೊಂಡೆ. ಬೀಜದ ಮಾತು ನನಗ ತಲಿಗೇ ಹೋಗಲಿಲ್ಲ ತಮ್ಮಾ. ದೇವರನ್ನ ಮುಚ್ಚಿಟ್ಟೀನಿ ಅಂದ್ಕೊಂಡಿದ್ದೆ."

ಎರಡನೆಯ ದಿನ ಅಪರೂಪಕ್ಕೆ ಬಿಸಿಲು ಬಿತ್ತಂತೆ. ಯಾರೂ ಹೋಗದ ಗುಡಿಸಲಿನ ಹಿಂಬದಿಗೆ ಹೋಗಿ, ಕಂಬಳಿ ಹಾಸಿ, ಅದರ ಮೇಲೆ ಒಂದು ಗಳಿಗೆ ಕುಳಿತರು. ಎದ್ದ ಮೇಲೆ ಕಂಬಳಿ ಕೊಡವದೆ ಮಡಚುವುದು ಅವರ ಮನೆತನದಲ್ಲಿ ಅಪಶಕುನ. ಕೂಸಿದ್ದಾಗಿನಿಂದ ಕಲಿತ ಕೈ. ನಾಲ್ಕು ದಿಕ್ಕಿಗೂ ಒಂದೊಂದು ಸಲ ಕೊಡವಿದರು. ಅಲ್ಲಿನ ಗಾಳಿ ಕಂಬಳಿಯನ್ನೇ ಕೈಯಿಂದ ಕಿತ್ತುಕೊಳ್ಳುವ ಹಾಗಿತ್ತಂತೆ.

ಮೂರನೆಯ ದಿನ ಜನರೇಟರ್ ಚಾಲೂ ಆಯಿತು. ಗಿಡ ನೋಡುವ ನರೆಗೂದಲ ಹೆಂಗಸೊಬ್ಬಳು, ಉಪಕಾರಕ್ಕೆ ಪ್ರತಿಯಾಗಿ, ಇವರನ್ನು ಕರೆದುಕೊಂಡು ದ್ವೀಪ ತೋರಿಸಿದಳು. ಅವಳ ಇಂಗ್ಲಿಷು, ಇವರ ಮಿಲಿಟರಿ ಇಂಗ್ಲಿಷು, ಉಳಿದದ್ದು ಕೈಸನ್ನೆ.

"ಅಲ್ಲಿ ಗಿಡ ಅಂದ್ರ ಮೊಣಕಾಲುದ್ದನೂ ಇಲ್ಲ. ದಿಂಬಿನಂಗ ದುಂಡಗ ಕೂತ ಹಸರು, ಪಾಚಿ, ಒಂದೀಟು ಹುಲ್ಲು. ಆಕಿ ಒಂದೊಂದನ್ನೂ ನಮ್ಮವ್ವ ಕುರಿಮರಿ ತೋರಿಸಿದಂಗ ತೋರಿಸಿದ್ಲು. ಇದು ಹಕ್ಕಿ ಕಾಲಿನ ಕೆಸರಾಗ ಬಂತು. ಇದು ಹಕ್ಕಿ ಹೊಟ್ಯಾಗ ಬಂತು. ಈ ಪಾಚಿ ಗಾಳ್ಯಾಗ ಧೂಳಿನಂಗ ಬಂತು. ಇದು ತೇಲೋ ಕಟ್ಟಿಗಿ ಹಿಡ್ಕೊಂಡು ಬಂತು. ಎಷ್ಟೋ ಕಾಳು ನೀರಾಗ ಬಿದ್ದು ಸಾಯ್ತಾವ, ಎಷ್ಟೋ ಚಳಿಗೆ ಸಾಯ್ತಾವ, ಯಾವುದೋ ಒಂದು ಉಳೀತೈತಿ. ಒಂದು ಬಂದ ಮ್ಯಾಲ ಇನ್ನೊಂದು ಬರಾಕ ಎಷ್ಟು ವರ್ಷ ಅಂತ ಕೇಳಿದೆ. ಆಕಿ ಲೆಕ್ಕ ಹೇಳಲಿಲ್ಲ. ಎದುರಿಗಿನ ಗುಡ್ಡ ತೋರಿಸಿ, ಅದನ್ನ ಕೇಳು ಅನ್ನೋಹಂಗ ಕೈ ಮಾಡಿದ್ಲು."

ಆಮೇಲೆ ದೋಣಿ ನಿಲ್ಲುವ ಜಾಗದಲ್ಲಿ ಎಳೆಹಸಿರು ಹುಲ್ಲೊಂದು ಕಂಡಿತು. ಆ ಹೆಂಗಸು ಅಲ್ಲೇ ಮಂಡಿಯೂರಿ, ಚಾಕುವಿನಿಂದ ಬೇರುಸಹಿತ ಎಬ್ಬಿಸಿ ಚೀಲಕ್ಕೆ ಹಾಕತೊಡಗಿದಳು. ಇದು ನಮ್ಮ ಜನರ ಬೂಟಿನಲ್ಲಿ ಬಂದದ್ದು, ಇದು ಹಬ್ಬಿದರೆ ಈಗ ತೋರಿಸಿದ ಗಿಡಗಳೆಲ್ಲ ಹೋಗುತ್ತವೆ, ಒಂದು ಕಾಳು ಸಾಕು, ಎಂದಳು.

"ಹಿಂದಿನ ದಿನ ನಾನು ನಾಕು ದಿಕ್ಕಿಗೂ ಝಾಡಿಸಿದ್ದೆ. ಹೇಳಬೇಕಂತ ಬಾಯಿ ತೆಗದೆ. ಕಾಗದದ ಮ್ಯಾಲಿನ ಸಹಿ ಕಣ್ಣಿಗೆ ಬಂತು. ಬಾಯಿ ಮುಚ್ಚಿದೆ."

ಕಂಬಳಿಯನ್ನು ಸಮುದ್ರಕ್ಕೆ ಎಸೆಯಲೂ ಭಯ. ತೇಲಿಕೊಂಡು ಇನ್ನೆಲ್ಲಿ ಹತ್ತುತ್ತದೋ! ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ವರ್ಷವಿಡೀ ಟ್ರಂಕಿನ ತಳದಲ್ಲಿಟ್ಟು, ಊರಿಗೆ ತಂದು, ಹೊಲದಲ್ಲಿ ಸುಟ್ಟರು. ಉಣ್ಣೆ ಸುಟ್ಟ ವಾಸನೆಗೆ ತಾಯಿ ಓಡಿ ಬಂದರು. ಕಂಬಳಿಯನ್ನು ಬೆಂಕಿಗೆ ಹಾಕುವ ಮಗನನ್ನು ಆ ಮನೆತನ ಕಂಡಿರಲಿಲ್ಲ. ಅವರು ಬೈಯಲಿಲ್ಲ, ಅಳಲಿಲ್ಲ. "ಬೀರಪ್ಪ ನಿನಗೇನು ಮಾಡಿದ್ದ?" ಎಂದಷ್ಟೇ ಕೇಳಿದರು. ಸಾಯುವತನಕ ತಾಯಿ ಮತ್ತೆ ಆ ಮಾತು ಎತ್ತಲಿಲ್ಲ.

ಇಷ್ಟು ಕೇಳಿದ ಮೇಲೆ ನನಗೆ ಸುಮ್ಮನಿರಲು ಬರಬೇಕಿತ್ತು. ನಮ್ಮ ಅಜ್ಜಿ ಹೇಳುತ್ತಿದ್ದಳು, ಅಳುವವನ ಮುಂದೆ ಬಾಯಿ ಸಣ್ಣದಿರಬೇಕು, ಕಿವಿ ಮೊರದಷ್ಟಿರಬೇಕು ಎಂದು. ನನ್ನದು ಹುಟ್ಟಾ ದೊಡ್ಡ ಬಾಯಿ. "ಅಯ್ಯೋ ಅಣ್ಣಾ, ಇಷ್ಟಕ್ಕಾ! ನಮ್ಮ ಎರಿ ಹೊಲದ ಕಾಳು ಆ ಚಳ್ಯಾಗ ಹುಟ್ತಾವೇನು? ಎಂದೋ ಸತ್ತು ಮಣ್ಣಾಗ್ಯಾವ. ಅಲ್ಲಿಯವರಿಗೆ ಪತ್ರ ಬರದು ಸುಮ್ನ ಮೈಮ್ಯಾಲ ಎಳಕೋಬ್ಯಾಡ," ಎಂದು ಅವರ ಬೆನ್ನು ತಟ್ಟಿದೆ. ಅವರು ನನ್ನ ಮುಖ ನೋಡಿ, ಪಾನಾ ಕೈಗೆತ್ತಿಕೊಂಡರು.

ಎರಡು ವರ್ಷ ಕಳೆಯಿತು. ಒಂದು ದಿನ ಇಬ್ಬರೂ ಕೋಸಗಿ ಕಡೆ ಒಂದು ಮದುವೆಗೆ ಹೋಗಿ ಬರುತ್ತಿದ್ದೆವು. ಬಸ್ಸಿನ ಕಿಟಕಿಯಲ್ಲಿ ಮೈಲುಗಟ್ಟಲೆ ಬಳ್ಳಾರಿ ಜಾಲಿ. ಹೊಲದ ಬದು, ಹಳ್ಳದ ದಂಡೆ, ಬೀಳು, ಎಲ್ಲ ಅದೇ.

"ಇದು ನಮ್ಮ ಗಿಡಾ ಅಲ್ಲ, ಯಾರೋ ತಂದದ್ದಂತ," ಎಂದರು. ನಂತರ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಅಂದರು: "ತಮ್ಮಾ, ಅವತ್ತು ನೀ ನನ್ನ ಬಾಯಿ ಮುಚ್ಚಿಸಿಬಿಟ್ಟಿ. ನಾ ಪೂರ್ತಿ ಹೇಳಿರಲಿಲ್ಲ."

"ಏನಣ್ಣ?"

"ಕಂಬಳ್ಯಾಗ ಇದ್ದದ್ದು ನಮ್ಮೂರ ಕಾಳಲ್ಲ. ಹಡಗು ಹತ್ತೋಕ್ಕಿಂತ ಮೊದ್ಲು ನಮಗ ಹಿಮಾಲಯದ ಮ್ಯಾಲ ಟ್ರೇನಿಂಗ್ ಕೊಟ್ರು. ಅಲ್ಲಿ ಕುರುಬರು ಇದ್ರು. ನಾನೂ ಕುರಿ ಮಂದಿ ಅಂತ ಗೊತ್ತಾಗಿ ಚಹಾ ಕೊಟ್ರು. ಮನಿಗೆ ಬಂದೋರಿಗೆ ನಾವು ಕಂಬಳಿ ಹಾಸ್ತೀವಲ್ಲಾ, ಹಂಗ ನಾನು ಅವರಿಗೆ ನನ್ನ ಕಂಬಳಿ ಹಾಸಿದೆ. ಹುಲ್ಲುಗಾವಲಿನಾಗ. ಕುರಿ ಬಂದು ಅದ್ರ ಮ್ಯಾಲ ಮಲಗಿದ್ವು. ಆಕಿ ದೋಣಿ ಹತ್ರ ಕೀಳ್ತಿದ್ದ ಹುಲ್ಲು ಐತಲ್ಲ, ಅದಾ ಹುಲ್ಲು ಅಲ್ಲಿತ್ತು. ಚಳ್ಯಾಗ ಹುಟ್ಟಿದ್ದು, ಚಳ್ಯಾಗ ಬೆಳೆಯೋದು."

ಎರಡು ವರ್ಷ ನನ್ನ ಒಂದು ಮಾತಿನಿಂದ ಹೋಗಿತ್ತು.

ಮರುದಿನವೇ ನಮ್ಮ ಮನೆಯಲ್ಲಿ ಕೂತು ಪತ್ರ ಬರೆದೆವು. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದೆ. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಮಗಳು ಇಂಗ್ಲಿಷಿಗೆ ತಿರುಗಿಸಿ, ಆ ದ್ವೀಪ ನೋಡಿಕೊಳ್ಳುವ ಕಚೇರಿಯ ವಿಳಾಸ ಹುಡುಕಿ ಕಂಪ್ಯೂಟರಿನಲ್ಲಿ ಹಾಕಿದಳು. ಗುಡಿಸಲಿನ ಯಾವ ಗೋಡೆ, ಬಾಗಿಲಿನಿಂದ ಎಷ್ಟು ಹೆಜ್ಜೆ, ಗಾಳಿ ಯಾವ ಕಡೆಗಿತ್ತು, ಒಂದೂ ಮರೆತಿರಲಿಲ್ಲ ಅವರು. ಒಂದು ನಕ್ಷೆಯನ್ನೂ ಬಿಡಿಸಿದರು. ಕಳುಹಿಸುವ ಮುನ್ನ ಮಗಳ ಕೈ ಹಿಡಿದು ನಿಲ್ಲಿಸಿದರು.

"ಅವ್ವಾ, ಹಿಡ್ಕೊಂಡು ಹೋಗ್ತಾರೇನು?"

"ಗೊತ್ತಿಲ್ಲ ದೊಡ್ಡಪ್ಪಾ," ಅಂದಳು ಅವಳು. ನನ್ನ ಹಾಗೆ ಬೆನ್ನು ತಟ್ಟಲಿಲ್ಲ.

ಅವರು ಕೈ ಬಿಟ್ಟರು. "ಒತ್ತು."

ಉತ್ತರ ಬರಲು ತಿಂಗಳುಗಳೇ ಹಿಡಿದವು. ಅಲ್ಲಿ ಬೇಸಿಗೆಯೆಂದರೆ ನಮಗೆ ಸಂಕ್ರಾಂತಿಯ ಆಸುಪಾಸು. ಆಗಲೇ ಜನ ಇಳಿದು ನೋಡಲು ಸಾಧ್ಯ. ಆ ದಿನಗಳಲ್ಲಿ ಫಿಟ್ಟರಣ್ಣ ಊಟ ಬಿಟ್ಟರು. ರಸ್ತೆಯಲ್ಲಿ ಪೊಲೀಸ್ ಗಾಡಿ ಕಂಡರೆ ಪಕ್ಕದ ಅಂಗಡಿಗೆ ನುಗ್ಗಿ ಬೇಡದಿದ್ದರೂ ಬೆಂಕಿಪೊಟ್ಟಣ ಕೊಳ್ಳುತ್ತಿದ್ದರು. ಅವರ ಮನೆಯಲ್ಲಿ ಆ ವರ್ಷ ಅಡಿಗೆಗೆಂದು ಬೇರೆ ಬೆಂಕಿಪೊಟ್ಟಣ ಕೊಳ್ಳುವ ಪ್ರಸಂಗವೇ ಬರಲಿಲ್ಲ ಎಂದು ಅಕ್ಕ ಅಳುತ್ತಲೇ ನಕ್ಕರು. ಈಗ ಅಕ್ಕನಿಗೂ ಎಲ್ಲ ಗೊತ್ತಿತ್ತು.

ಉತ್ತರ ಬಂತು. ಮಗಳು ಓದಿದಳು. ನೀವು ಹೇಳಿದ ಜಾಗದಲ್ಲಿ ಹುಲ್ಲು ಇದೆ. ಬಹುಕಾಲ ಗೋಡೆಯ ಮರೆಯಲ್ಲೇ ಇದ್ದಂತೆ ಕಾಣುತ್ತದೆ. ಚಳಿ ಕಡಿಮೆಯಾಗುತ್ತಿರುವ ಈ ಒಂದೆರಡು ವರ್ಷಗಳಲ್ಲಿ ತೊರೆಯ ಕಡೆಗೆ ಇಳಿಯತೊಡಗಿದೆ. ಆ ಕಡೆ ನಾವು ಹೋಗುವುದಿಲ್ಲವಾದ್ದರಿಂದ ನೋಡಿರಲಿಲ್ಲ. ಇದು ನಿಮ್ಮಿಂದಲೇ ಬಂದದ್ದೆಂದು ಖಚಿತವಾಗಿ ಹೇಳಲಾರೆವು. ಎಲ್ಲವನ್ನೂ ಕಿತ್ತಿದ್ದೇವೆ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ, ಆದ್ದರಿಂದ ಪ್ರತಿ ಬೇಸಿಗೆಯೂ ನೋಡಬೇಕು. ತಿಳಿಸಿದ್ದಕ್ಕೆ ನಿಮಗೆ ಋಣಿಗಳು.

ಒಂದೆರಡು ವರ್ಷ. ಮಗಳು ಆ ಸಾಲು ಓದುವಾಗ ನಾನು ನೆಲ ನೋಡಿದೆ. ಅಣ್ಣ ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ.

"ಖಚಿತ ಇಲ್ಲಂತಾರಲ್ಲ ಅಣ್ಣಾ," ಎಂದೆ.

"ಖಚಿತ ಇಲ್ಲ ಅಂದ್ರ ನಂದಾ ಅಂತ ತಿಳೀಬೇಕು," ಅಂದರು.

ಹಿಡಿದುಕೊಂಡು ಹೋಗುವ ಭಯ ಅಂದಿಗೆ ಬಿಟ್ಟಿತು. ಆದರೆ ಇನ್ನೊಂದು ಹತ್ತಿತು. ಒಂದೂ ಇಲ್ಲ ಎಂಬ ಸುದ್ದಿ ಕೇಳದೆ ಸತ್ತರೆ? ಪ್ರತಿ ಸಂಕ್ರಾಂತಿಯ ಹೊತ್ತಿಗೆ ಒಂದು ಸಾಲು ಬರುತ್ತಿತ್ತು. ಮೊದಲ ಸಲ ಹತ್ತೊಂಬತ್ತು ಮೊಳಕೆ. ಮರುವರ್ಷ ಏಳು. ಅದರ ಮರುವರ್ಷ ಎರಡು. ಎರಡು ಎಂದು ಕೇಳಿದ ದಿನ ಅವರು ಜಿನ್ನಿನ ಎಲ್ಲರಿಗೂ ಮೈಸೂರುಪಾಕು ಹಂಚಿದರು. ಈರಮ್ಮ, "ಫಿಟ್ಟರಣ್ಣಾ, ಮೊಮ್ಮಗ ಹುಟ್ಟ್ಯಾನೇನು?" ಎಂದಳು. "ಎರಡಾ ಉಳದಾವ" ಎಂದರು ಇವರು. ಅವಳಿಗೆ ಒಂದೂ ತಿಳಿಯಲಿಲ್ಲ. ಆದರೂ ಇನ್ನೊಂದು ತುಂಡು ಕೇಳಿ ಇಸಿದುಕೊಂಡಳು.

ಕಳೆದ ದೀಪಾವಳಿಯಾದ ಮೇಲೆ ಎದೆಯ ಬೇನೆ ಬಂದು ಅವರನ್ನು ಆಸ್ಪತ್ರೆಗೆ ಸೇರಿಸಿದರು. ನಾನು ಹೋದಾಗ ಮೂಗಿಗೆ ನಳಿಗೆ ಇತ್ತು. ಹೊದಿಸಿದ್ದ ಚಾದರದ ಅಂಚನ್ನು ಬೆರಳುಗಳು ಒಳಕ್ಕೆ ಮಡಚುತ್ತಲೇ ಇದ್ದವು.

"ಬಂತಾ?" ಎಂದರು.

ಡಾಕ್ಟರು ಹೊರಗೆ ನನಗೆ ಹೇಳಬೇಕಾದ್ದನ್ನು ಹೇಳಿದ್ದರು. ಆ ಕಣ್ಣುಗಳಲ್ಲಿದ್ದ ಅಂಜಿಕೆ ನೋಡಿ ನನ್ನಿಂದ ತಡೆಯಲಾಗಲಿಲ್ಲ. ಹುಟ್ಟಾ ದೊಡ್ಡ ಬಾಯಿ, ಮತ್ತೆ ತೆರೆಯಿತು.

"ಬಂದೈತಣ್ಣ. ಈ ಸರ್ತಿ ಒಂದೂ ಇಲ್ಲಂತ."

ಅವರು ನನ್ನನ್ನೇ ನೋಡಿದರು. ಆಮೇಲೆ ತುಟಿಯ ಒಂದು ಕೊನೆಯಲ್ಲಿ ನಕ್ಕರು.

"ಹೋಗೋ ಹುಚ್ಚಾ. ಅಲ್ಲಿ ಈಗಿನ್ನಾ ಹಿಮ ಕರಗಿಲ್ಲ. ಹಡಗಾ ಹೋಗಿರಂಗಿಲ್ಲ." ಉಸಿರು ಎಳೆದುಕೊಂಡು ಅಂದರು: "ನೋಡದಂಗ ಇಲ್ಲ ಅನ್ನಬ್ಯಾಡ ತಮ್ಮಾ. ಆ ಕಾಗದದ ಮ್ಯಾಲ ಒಮ್ಮೆ ನಾ ಅಂದೀನಿ. ಸಾಕು."

ನಾನು ಅವರ ಕೈ ಹಿಡಿದುಕೊಂಡೆ. ಎರಡು ದಿನಕ್ಕೆ ಹೋದರು.

ಈ ಸಂಕ್ರಾಂತಿ ಮುಗಿದು ವಾರಕ್ಕೆ ಆ ಸಾಲು ಬಂತು. ಮಗಳು ಫೋನು ನನ್ನ ಮುಂದೆ ಹಿಡಿದಳು. ತೆರೆಯಬೇಡ ಎನ್ನಬೇಕೆನಿಸಿತು. ಕೇಳಬೇಕಾದವರೇ ಇಲ್ಲದ ಮೇಲೆ ಯಾರಿಗಾಗಿ? ಆದರೂ ಓದು ಎಂದೆ.

ಐದು. ನಾಲ್ಕು ಹಳೆಯ ಜಾಗದಲ್ಲಿ. ಒಂದು ತೊರೆಯ ಆಚೆ ದಡದಲ್ಲಿ, ಹಕ್ಕಿಗಳು ಗೂಡು ಮಾಡುವ ಇಳಿಜಾರಿನ ಬುಡದಲ್ಲಿ. ಕಿತ್ತಿದ್ದೇವೆ.

ನಾನು ಆ ದ್ವೀಪ ನೋಡಿಲ್ಲ. ಸಮುದ್ರವನ್ನೇ ನೋಡಿಲ್ಲ. ಮಂತ್ರಾಲಯದ ಹೊಳೆ ದಾಟಿದ್ದೇ ನನ್ನ ದೊಡ್ಡ ಪ್ರಯಾಣ. ಆದರೂ ಆಚೆ ದಡದ ಆ ಒಂದು ಎಸಳು ಕಣ್ಣಿಗೆ ಕಟ್ಟಿತು. ನನ್ನ ಮಾತಿಗೆ ಹೋದ ಆ ಎರಡು ವರ್ಷಗಳಲ್ಲಿ ಅದು ತೊರೆಗೆ ಇಳಿಯದೇ ಇದ್ದಿದ್ದರೆ?

ಅಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ದಾರಿಯುದ್ದಕ್ಕೂ ಒಂದೂ ಇಲ್ಲ ಎಂದುಬಿಡುವ ಮಾತೇ ನಾಲಿಗೆಯ ಮೇಲಿತ್ತು. ಯಾರಿಗೆ ಏನು ನಷ್ಟ? ಮುದುಕಿಯಾದರೂ ನೆಮ್ಮದಿಯಾಗಿ ನಿದ್ದೆ ಮಾಡಲಿ.

ಅಕ್ಕ ಮೊರ ನಿಲ್ಲಿಸಿದರು. "ಬಂತೇನಪ್ಪಾ? ಎಷ್ಟಂತ?"

"ಐದು," ಅಂದೆ.

"ಹ್ವಾದ ವರ್ಷ ಎರಡಿದ್ವಲ್ಲ."

"ಹ್ಞೂ ಅಕ್ಕ. ಹೆಚ್ಚಾಗ್ಯಾವ. ಒಂದು ಹಳ್ಳದ ಆಚಿಗೂ ಹೋಗೈತಿ."

ಅವರು ಮೊರ ಕೆಳಗಿಟ್ಟರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೇಳಿದರು:

"ಕಿತ್ತಾರಿಲ್ಲೋ?"

"ಕಿತ್ತಾರ."

"ಮುಂದಿನ ವರ್ಷನೂ ನೋಡ್ರಿ ಅಂತ ಬರಿ. ಆತ ಹ್ವಾದ ಅಂತ ನಿಲ್ಲಿಸಿಗಿಲ್ಲಿಸ್ಯಾರು. ನಾ ಅದೀನಿ ಅಂತ ಬರಿ."

ಸಂಜೆ ಮಗಳ ಪಕ್ಕ ಕೂತು ಬರೆಸಿದೆ. ಪತ್ರ ಬರೆದವರು ತೀರಿಕೊಂಡರು, ಅವರ ಹೆಂಡತಿ ಇದ್ದಾರೆ, ನಾನೂ ಇದ್ದೇನೆ, ದಯವಿಟ್ಟು ನೋಡುತ್ತಿರಿ, ಇದ್ದದ್ದನ್ನು ಇದ್ದ ಹಾಗೆ ತಿಳಿಸಿ ಎಂದು. ಆ ಎರಡು ವರ್ಷದ ತಪ್ಪು ನನ್ನದು ಎಂಬುದನ್ನೂ ಸೇರಿಸಿದೆ. ಮಗಳು ಬೆರಳು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಇದೂ ಹಾಕ್ಲೇನಪ್ಪಾ?"

"ಹಾಕವ್ವಾ," ಅಂದೆ.